ಕಾರಿನ ಮುಂದೆ ಟಕ್ ಅಂದರೆ: ಮೊದಲು ಯಾವಾಗ, ಆಮೇಲೆ ಎಲ್ಲಿ

ಕಾರಿನ ಮುಂದಿನ ಟಕ್ ಸದ್ದು ಹೋಗಲಿ ಅಂತ ಎರಡೂ ಶಾಕಪ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಹೊಸದು ಹಾಕಿಸಿ, 9,400 ರೂಪಾಯಿ ಕೊಟ್ಟು, ಸಂಜೆ ಮನೆಗೆ ಬಂದೆ. ಸೊಸೈಟಿ ಗೇಟಿನ ಹಂಪ್ ಮೇಲೆ ಮುಂದಿನ ಚಕ್ರ ಹತ್ತಿತು. ಟಕ್. ಪಕ್ಕದಲ್ಲಿ ಕೂತಿದ್ದ ಹೆಂಡತಿ ಏನೂ ಹೇಳಲಿಲ್ಲ. ಸುಮ್ನೆ ಕಿಟಕಿ ಕಡೆ ಮುಖ ತಿರುಗಿಸಿದಳು. ಬೈದಿದ್ದರೇ ವಾಸಿ ಇತ್ತು.

ನಾವಿರುವುದು ಪುಣೆಯ ಧನಕವಡಿಯಲ್ಲಿ. ನಾನು ಬೆಳಗಾವಿ ಕಡೆಯವನು. 22 ವರ್ಷದಿಂದ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ, ಅಂದರೆ ಕ್ವಾಲಿಟಿ ವಿಭಾಗ. ಮೆಕ್ಯಾನಿಕ್ ಅಲ್ಲ. ಕಾರು 11 ವರ್ಷದ ಸಣ್ಣ ಹ್ಯಾಚ್‌ಬ್ಯಾಕ್. ತಿಂಗಳಿಗೊಮ್ಮೆ ಅವ್ವನನ್ನು ನೋಡಲು ಬೆಳಗಾವಿಗೆ ಹೋಗಿ ಬರುತ್ತೇವೆ, ಒಂದು ಕಡೆಗೆ 340 ಕಿ.ಮೀ. ಹತ್ತಿರ. ಖಂಬಾಟ್ಕಿ ಘಾಟ್ ಇಳಿಯುವಾಗ ಮುಂದಿನ ಚಕ್ರದಿಂದ ಸದ್ದು ಬರುತ್ತಿದ್ದರೆ ರೇಡಿಯೊ ಜೋರು ಮಾಡಿ ಮರೆಯೋಕಾಗಲ್ಲ.

ವರ್ಕ್‌ಶಾಪಿನವನದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ನಾನು ಹೋಗಿ ಹೇಳಿದ್ದು ಇಷ್ಟೇ: "ಎಡಗಡೆ ಮುಂದಿನಿಂದ ಸದ್ದು ಬರ್ತಿದೆ." ಅವನು ಸಾತಾರಾ ರಸ್ತೆಯಲ್ಲಿ ಒಂದು ರೌಂಡ್ ಹೊಡೆದ. ಬಂದು ಮಡ್‌ಗಾರ್ಡ್ ಒತ್ತಿ ನೋಡಿದ. "ಸಾಹೇಬ, ಶಾಕಪ್ ಗೇಲೇತ್" ಅಂದ. ಶಾಕಪ್ ನಿಜವಾಗಿಯೂ ಹೋಗಿದ್ದವು, ಎಡಗಡೆಯದರ ಮೈಮೇಲೆ ಎಣ್ಣೆ ಜಿನುಗಿತ್ತು. ಆದರೆ ಸದ್ದು ಅದರದ್ದಲ್ಲ. ಕಾರ್ಖಾನೆಯಲ್ಲಿ ಯಾರಾದರೂ "ಪೀಸ್ ಕೆಟ್ಟು ಬರ್ತಿವೆ" ಅಂದರೆ ನಾನು ಮೊದಲು ಕೇಳುವುದು ಯಾವ ಶಿಫ್ಟು, ಯಾವ ಮಷೀನು, ಎಷ್ಟನೇ ಪೀಸಿನಿಂದ ಅಂತ. ನನ್ನ ಕಾರಿನ ವಿಷಯದಲ್ಲಿ ಆ ಬುದ್ಧಿ ಓಡಲಿಲ್ಲ. ಎಲ್ಲಿ ಅಂತ ಹೇಳಿದೆ, ಯಾವಾಗ ಅಂತ ಹೇಳಲಿಲ್ಲ.

ಎಲ್ಲಿ ಅನ್ನುವುದು ಮೋಸ ಮಾಡುತ್ತದೆ. ಕಾರಿನ ಮೈ ಅಂದರೆ ಒಂದು ದೊಡ್ಡ ತಗಡಿನ ಡಬ್ಬಿ. ಕೆಳಗೆ ಬಲಕ್ಕೆ ತಟ್ಟಿದ್ದು ಎಡಗಾಲಿನ ಹತ್ತಿರ ಕೇಳಿಸಬಹುದು. ಗಣಪತಿ ಹಬ್ಬಕ್ಕೆ ಮುಂಚೆ ಇಲ್ಲಿ ನದಿ ದಂಡೆಯಲ್ಲಿ ಢೋಲ್-ತಾಶಾದವರು ತಾಲೀಮು ಮಾಡುತ್ತಾರಲ್ಲ, ದೂರದ ಟೆರೇಸ್ ಮೇಲೆ ನಿಂತು ಕೇಳಿದರೆ ಯಾವ ದಿಕ್ಕಿನಿಂದ ಬರ್ತಿದೆ ಅಂತ ಹೇಳಲಾಗುವುದಿಲ್ಲ. ಯಾವಾಗ ಶುರುವಾಯಿತು, ಯಾವಾಗ ನಿಂತಿತು ಅಂತ ಮಾತ್ರ ಖಚಿತವಾಗಿ ಹೇಳಬಹುದು. ಕಾರಿನದೂ ಅದೇ ಕತೆ.

ಜ್ಯಾಕ್ ಮುಟ್ಟುವ ಮೊದಲು ಕಾರು ಖಾಲಿ ಮಾಡಿ. ಪೂರ್ತಿ ಖಾಲಿ. ಡಿಕ್ಕಿಯ ಜ್ಯಾಕು, ಪಾನಾ, ಬಾಗಿಲಲ್ಲಿರುವ ನೀರಿನ ಬಾಟಲಿ, ಸೀಟಿನ ಕೆಳಗಿನ ಛತ್ರಿ ಎಲ್ಲಾ ಹೊರಗೆ. ಸ್ಟೆಪ್ನಿ ಬಿಗಿಯಾಗಿದೆಯಾ ನೋಡಿ. ಒಮ್ಮೆ ಅವ್ವ ಕೊಟ್ಟಿದ್ದ ಒಂದು ತೆಂಗಿನಕಾಯಿ ಚೀಲದಿಂದ ಉರುಳಿ ಹಿಂದಿನ ಸೀಟಿನ ಕೆಳಗೆ ಸೇರಿಕೊಂಡು, ಕೊಲ್ಹಾಪುರದಿಂದ ಪುಣೆವರೆಗೆ ನನ್ನ ಜೀವ ತಿಂದಿತ್ತು. ಬಾನೆಟ್ ತೆಗೆದು ಬ್ಯಾಟರಿ ಅಲ್ಲಾಡಿಸಿ, ಅದರ ಪಟ್ಟಿ ಸಡಿಲ ಇದ್ದರೂ ಹಂಪ್ ಮೇಲೆ ಟಕ್ ಅನ್ನುತ್ತದೆ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪು ಹೋಗಿದ್ದರೂ ಅಷ್ಟೇ. ಇವೆಲ್ಲ ಕಾಸು ಖರ್ಚಿಲ್ಲದ ಪತ್ತೆಗಳು.

ಆಮೇಲೆ ಒಂದು ಚೀಟಿ ಇಟ್ಟುಕೊಳ್ಳಿ. ಸದ್ದು ಹೇಗಿದೆ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ಸದ್ದಿನ ಪದಗಳಿಗೆ ಕನ್ನಡದಲ್ಲಿ ಬರ ಇಲ್ಲ. ಮರಾಠಿಯಲ್ಲಿ ನಾನು ಎಲ್ಲದಕ್ಕೂ 'ಖಡಖಡ' ಅಂದುಬಿಡುತ್ತೇನೆ, ನನ್ನ ಮರಾಠಿ ಅಷ್ಟಕ್ಕಷ್ಟೇ. ಆದರೆ ಒಣಗಿದ, ಚಿಕ್ಕ 'ಟಕ್' ಬೇರೆ. ಅದು ಸಾಮಾನ್ಯವಾಗಿ ಸಡಿಲವಾದ ಗುಂಡು-ಬಟ್ಟಲಿನ ಜೋಡಣೆಯದು. ಕಾಲಿಗೂ ತಾಕುವ ಭಾರದ 'ದಡ್' ಬೇರೆ. ಅದು ಕೀಲಿನ ನಡುವೆ ಬಳೆಯ ಹಾಗೆ ಕೂರುವ, ಹರಿದ ರಬ್ಬರ್ ಬುಷ್‌ನದೋ ಸಡಿಲ ಬೋಲ್ಟಿನದೋ ಇರುತ್ತದೆ. ಸಣ್ಣ ಕಲ್ಲುಗಳ ಮೇಲೆ ಬಿಡದೆ ಬರುವ 'ಕಟಕಟ' ಇನ್ನೊಂದು. ಎರಡು ಥರದ ಸದ್ದು ಇದ್ದರೆ ಎರಡು ಸಾಲು ಬರೆಯಿರಿ. ನಾನು ಎರಡನ್ನೂ ಒಂದೇ ಅಂದುಕೊಂಡು ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ, ಅದನ್ನು ಮುಂದೆ ಹೇಳುತ್ತೇನೆ.

ಈಗ ರಸ್ತೆಯ ಪರೀಕ್ಷೆ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಅಮೆರಿಕದ ಎಂಜಿನಿಯರು 1940ರ ದಶಕದಲ್ಲಿ ರೂಪಿಸಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಸ್ಪ್ರಿಂಗು, ಶಾಕಪ್ ಎರಡೂ ಸೇರಿ ಒಂದೇ ಕಂಬ. ಕಂಬದ ತಲೆ ಬಾನೆಟ್ ಒಳಗೆ, ಟಾಪ್ ಮೌಂಟ್ ಅನ್ನುವ ರಬ್ಬರ್ ಕಟ್ಟಿನಲ್ಲಿ. ಕೆಳಗೆ ಲೋವರ್ ಆರ್ಮ್, ಅಂದರೆ ಚಕ್ರವನ್ನು ಬಾಡಿಗೆ ಜೋಡಿಸುವ ತೋಳು. ಅದಕ್ಕೆ ಬಾಡಿ ಕಡೆ ಎರಡು ರಬ್ಬರ್ ಬುಷ್, ಚಕ್ರದ ಕಡೆ ಒಂದು ಬಾಲ್ ಜಾಯಿಂಟ್, ಆಗ ಹೇಳಿದ ಗುಂಡು-ಬಟ್ಟಲಿನ ಜೋಡಣೆ. ಇವುಗಳ ಜೊತೆಗೆ ಎಡ ಚಕ್ರದಿಂದ ಬಲ ಚಕ್ರಕ್ಕೆ ಅಡ್ಡವಾಗಿ ಒಂದು ಬಾಗಿದ ಸಲಾಕೆ ಹೋಗುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಬ್ಯಾಲೆನ್ಸ್ ರಾಡ್ ಅನ್ನುತ್ತಾರೆ. ಅದರ ಎರಡು ತುದಿಯನ್ನು ಚಕ್ರದ ಕಡೆಗೆ ಜೋಡಿಸುವುದು ಗೇಣುದ್ದದ ಲಿಂಕ್ ರಾಡುಗಳು, ಅವುಗಳ ತುದಿಯಲ್ಲೂ ಗುಂಡು-ಬಟ್ಟಲಿನ ಜೋಡಣೆಯೇ.

ಈ ಬ್ಯಾಲೆನ್ಸ್ ರಾಡಿನ ಸ್ವಭಾವ ತಿಳಿದುಕೊಂಡರೆ ನಿಮ್ಮ ಅರ್ಧ ದುಡ್ಡು ಉಳಿಯುತ್ತದೆ. ಎರಡು ಚಕ್ರ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದರೆ ಅದಕ್ಕೆ ಕೆಲಸವೇ ಇಲ್ಲ. ತನ್ನ ಬುಷ್‌ಗಳಲ್ಲಿ ಸುಮ್ನೆ ತಿರುಗುತ್ತದೆ. ಒಂದು ಚಕ್ರ ಎದ್ದು ಇನ್ನೊಂದು ಏಳದಿದ್ದಾಗ ಮಾತ್ರ ಅದು ತಿರುಚಿಕೊಂಡು ಬಲ ಹಾಕುತ್ತದೆ, ಲಿಂಕ್‌ಗಳು ಎಳೆದಾಡುತ್ತವೆ. ಹಾಗಾಗಿ ಒಂದು ಹಂಪ್ ಹುಡುಕಿ. ರಸ್ತೆ ಪೂರ್ತಿ ಅಡ್ಡ ಇರುವಂಥದ್ದು. 10-15 ಕಿ.ಮೀ. ವೇಗದಲ್ಲಿ ನೇರವಾಗಿ ದಾಟಿ, ಎರಡು ಚಕ್ರವೂ ಒಟ್ಟಿಗೆ ಹತ್ತಲಿ. ಆಮೇಲೆ ಅದೇ ಹಂಪನ್ನು ಒಂದೇ ಕಡೆಯ ಚಕ್ರದಿಂದ ದಾಟಿ. ಪುಣೆಯಲ್ಲಿ ಇದಕ್ಕೆ ಕಷ್ಟವಿಲ್ಲ. ಹಂಪಿನ ಅಂಚಿನಲ್ಲಿ ನೀರು ಹೋಗಲು ಬಿಟ್ಟ ಸಂದು ಇದ್ದೇ ಇರುತ್ತದೆ, ಸ್ಕೂಟರಿನವರೆಲ್ಲ ಅಲ್ಲೇ ನುಸುಳುವುದು. ಒಂದು ಚಕ್ರ ಆ ಸಂದಿನಲ್ಲಿ, ಇನ್ನೊಂದು ಹಂಪ್ ಮೇಲೆ.

ನೇರ ದಾಟಿದಾಗ ಸದ್ದಿಲ್ಲ, ಒಂದೇ ಚಕ್ರ ಹತ್ತಿದಾಗ ಟಕ್ ಅಂದರೆ ಮೊದಲ ಅನುಮಾನ ಲಿಂಕ್ ರಾಡಿನ ಮೇಲೆ, ಎರಡನೆಯದು ಬ್ಯಾಲೆನ್ಸ್ ರಾಡ್ ಬುಷ್ ಮೇಲೆ. ಎರಡರಲ್ಲೂ ಸದ್ದು ಬಂದರೆ ಟಾಪ್ ಮೌಂಟ್, ಶಾಕಪ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಕಡೆ ಹೋಗಿ.

ನನಗೆ ಇದು ಹೊಳೆದದ್ದು ಗೇಟಿನಲ್ಲೇ. ನಮ್ಮ ಗೇಟಿಗೆ ರಸ್ತೆಯಿಂದ ಎಡಕ್ಕೆ ತಿರುಗುತ್ತಾ ಹತ್ತಬೇಕು, ಹಂಪ್ ಓರೆಯಾಗಿ ಸಿಗುತ್ತದೆ. ಒಂದೊಂದೇ ಚಕ್ರ ಹತ್ತುತ್ತದೆ. ದೊಡ್ಡ ರಸ್ತೆಯ ಹಂಪ್ ನೇರವಾಗಿ ಸಿಗುತ್ತದೆ. ಆ ಮೆಕ್ಯಾನಿಕ್ ಓಡಿಸಿದ್ದು ಅಲ್ಲಿ! ಪಾಪ, ಅವನಿಗೆ ಆ ಸದ್ದು ಕೇಳಿಸಿರಲೇ ಇಲ್ಲ. ಅಂದ ಹಾಗೆ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಗೇಟಿನದು ಒಂದು ಅಡಿ ಅಗಲದ ಕಾಂಕ್ರೀಟ್ ದಿಂಡು. ಕಾರಿಗೆ ಕೆಟ್ಟದ್ದು, ಪರೀಕ್ಷೆಗೆ ಒಳ್ಳೆಯದು.

ಉಳಿದ ಪರೀಕ್ಷೆಗಳಿಗೆ ಇಷ್ಟು ಹೊತ್ತು ಬೇಡ. ಕಿತ್ತುಹೋದ ರಸ್ತೆಯಲ್ಲಿ ನಿಧಾನ ಹೋಗುತ್ತಾ ಬ್ರೇಕ್ ಪೆಡಲ್ ಮೇಲೆ ಕಾಲು ಹಗುರವಾಗಿ ಇಡಿ. ಕಟಕಟ ನಿಂತುಹೋದರೆ ಅದು ಸಸ್ಪೆನ್ಷನ್ (ಮೇಲೆ ಹೇಳಿದ ಸ್ಪ್ರಿಂಗು, ಶಾಕಪ್, ಆರ್ಮ್‌ಗಳ ಜೋಡಣೆ) ಅಲ್ಲ, ಬ್ರೇಕ್ ಪ್ಯಾಡೋ ಪ್ಯಾಡನ್ನು ಹಿಡಿಯುವ ಕ್ಯಾಲಿಪರಿನ ಪಿನ್ನೋ ಸಡಿಲ ಇದೆ. ಖಾಲಿ ಜಾಗದಲ್ಲಿ ಮುಂದೆ ಹೋಗಿ ಬ್ರೇಕ್, ರಿವರ್ಸ್ ಹೋಗಿ ಬ್ರೇಕ್ ಹಾಕಿ. ದಿಕ್ಕು ಬದಲಾದಾಗಲೆಲ್ಲ ಒಂದೇ ಒಂದು ದಡ್ ಬಂದರೆ ಲೋವರ್ ಆರ್ಮಿನ ಬುಷ್ ಅಥವಾ ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಕಟ್ಟು, ಅಂದರೆ ಎಂಜಿನ್ ಮೌಂಟಿಂಗ್. ಕ್ಲಚ್ ಬಿಡುವಾಗ, ಗೇರ್ ಬದಲಿಸುವಾಗಲೂ ಬಂದರೆ ಮೌಂಟಿಂಗ್ ಕಡೆಗೇ ಜಾಸ್ತಿ ಅನುಮಾನ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಗುಂಡಾಗಿ ಓಡಿಸಿದಾಗ ಚಕ್ರದ ಲಯಕ್ಕೆ ಟಿಕ್ ಟಿಕ್ ಟಿಕ್ ಅಂದರೆ ಆಕ್ಸಲ್ ಜಾಯಿಂಟ್, ಅಂದರೆ ಚಕ್ರವನ್ನು ತಿರುಗಿಸುವ ದಂಡದ ಕೀಲು. ಅದರ ರಬ್ಬರ್ ಚೀಲ ಹರಿದು ಚಕ್ರದ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ, ನೋಡಿದರೆ ಗೊತ್ತಾಗುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂತ ಜಿಗಿದರೆ ಟಾಪ್ ಮೌಂಟಿನ ಬೇರಿಂಗ್.

ಎಡವೋ ಬಲವೋ ಅನ್ನುವುದಕ್ಕೆ ಒಂದು ಉಪಾಯ. ಉದ್ದ ಕಾಂಪೌಂಡ್ ಗೋಡೆ ಪಕ್ಕ ಕಿಟಕಿ ಇಳಿಸಿಕೊಂಡು ನಿಧಾನ ಓಡಿಸಿ. ಗೋಡೆ ಕಡೆಯ ಚಕ್ರದ ಸದ್ದು ತಿರುಗಿ ಕಿವಿಗೆ ಬಡಿಯುತ್ತದೆ. ಹಿಂತಿರುಗಿ ಬರುವಾಗ ಗೋಡೆ ಇನ್ನೊಂದು ಕಡೆ ಸಿಗುತ್ತದೆ. ಇನ್ನೂ ಒಳ್ಳೆಯದು ಅಂದರೆ ನೀವು ಓಡಿಸುವುದು, ಬೇರೆಯವರು ಕೇಳುವುದು. ನಮ್ಮ ಮನೆಯಲ್ಲಿ ಕಿವಿ ಹೆಂಡತಿಯದು. ಹಿಂದಿನ ಸೀಟಿನ ನಡುವೆ ಕೂತು, ಎರಡೇ ರೌಂಡಿಗೆ ಹೇಳಿದಳು: "ರೀ, ಎಡಕ್ಕಲ್ರಿ ಅದು. ಬಲಕ್ಕ." ನಾನು ಒಂದು ತಿಂಗಳಿಂದ ಎಡ ಅಂತಿದ್ದೆ.

ಇನ್ನು ಕೆಳಗೆ ನೋಡುವ ಸರದಿ. ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಮರದ ಅಡ್ಡೆ ಕೊಡಿ. ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡ್, ಅಂದರೆ ಕಾರಿನ ಭಾರ ಹೊರುವ ಕಬ್ಬಿಣದ ಕಾಲು, ಇಡಿ. ಸ್ಟ್ಯಾಂಡ್ ಇಲ್ಲದೆ ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ, ಭುಜ ಯಾವುದನ್ನೂ ತೂರಿಸಬೇಡಿ. ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತವೆ. ಸ್ಟ್ಯಾಂಡ್ ಇಲ್ಲದವರು ಇಲ್ಲಿವರೆಗಿನ ಚೀಟಿ ಹಿಡಿದು ಗ್ಯಾರೇಜಿಗೆ ಹೋಗಿ. ಅಷ್ಟೇ ಸಾಕು, ನಾಚಿಕೆ ಏನಿಲ್ಲ.

ಚಕ್ರ ಗಾಳಿಯಲ್ಲಿದ್ದಾಗ ಮೇಲೆ-ಕೆಳಗೆ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ, ಅಂದರೆ ಸಡಿಲದ ಅಲುಗಾಟ, ಇದ್ದರೆ ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ? ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಹೋಯಿತು ಅಂದರೆ ಬೇರಿಂಗ್. ಹಾಗೇ ಇದೆ ಅಂದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಇದ್ದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ಲೋವರ್ ಆರ್ಮಿನ ಬುಷ್‌ಗೆ ಒಂದು ಟಾಮಿ ಬೇಕು. ಹಾರೆಯ ತಮ್ಮ ಅಂದುಕೊಳ್ಳಿ. ಆರ್ಮ್ ಮತ್ತು ಫ್ರೇಮ್ ನಡುವೆ ಇಟ್ಟು ಹಗುರವಾಗಿ ಮೀಟಿ. ರಬ್ಬರ್ ಸ್ವಲ್ಪ ಬಾಗುವುದು ಸಹಜ. ಬಿರುಕು ಬಾಯಿ ತೆರೆದರೆ, ಇಲ್ಲವೇ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಅದರ ಆಯಸ್ಸು ಮುಗಿದಿದೆ.

ಬಾಲ್ ಜಾಯಿಂಟಿನಲ್ಲೋ ಟೈ ರಾಡಿನಲ್ಲೋ ಆಟ ಸಿಕ್ಕರೆ ಆ ಕಾರನ್ನು ಘಾಟ್ ರಸ್ತೆಗೆ ತೆಗೆದುಕೊಂಡು ಹೋಗಬೇಡಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಟೈ ರಾಡ್ ಕಳಚಿದರೆ ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಲಿಂಕ್ ರಾಡ್ ಆದರೆ ನಿಧಾನಕ್ಕೆ ಓಡಿಸಿಕೊಂಡು ವಾರದೊಳಗೆ ಬದಲಿಸಬಹುದು.

ಲಿಂಕ್ ರಾಡ್ ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಒಂದೇ ಚಕ್ರ ಎತ್ತಿ ಲಿಂಕ್ ಹಿಡಿದು ಅಲ್ಲಾಡಿಸುತ್ತಾರೆ. ಅದು ಬಂಡೆಯ ಹಾಗೆ ಗಟ್ಟಿ ಇರುತ್ತದೆ. ಯಾಕೆಂದರೆ ಒಂದು ಚಕ್ರ ಜೋತಾಡುವಾಗ ಬ್ಯಾಲೆನ್ಸ್ ರಾಡ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ, ಆಟವೆಲ್ಲ ಅಡಗಿಹೋಗುತ್ತದೆ. ಎರಡೂ ಚಕ್ರ ನೆಲದಲ್ಲಿರಬೇಕು, ಇಲ್ಲವೇ ಎರಡೂ ಗಾಳಿಯಲ್ಲಿ. ನಾನು ನೆಲದಲ್ಲೇ ಮಾಡಿದೆ. ಎಂಜಿನ್ ಬಂದ್, ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದಿನಿಂದ ಕೈ ತೂರಿಸಿ ಲಿಂಕಿನ ಕೆಳಗಿನ ಗುಂಡನ್ನು ಬೆರಳಲ್ಲಿ ಹಿಡಿದೆ. ಮೇಲಿನ ಮನೆಯಲ್ಲಿ ವಿಜಯಪುರದ ಹುಡುಗನೊಬ್ಬ ಇದ್ದಾನೆ, ಎಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಕಾರನ್ನು ಅಲ್ಲಾಡಿಸು ಅಂದೆ. ಮೊದಲು ಬಾನೆಟ್ ಮೇಲೆ ಕೈಯಿಟ್ಟು ಮೇಲೆ-ಕೆಳಗೆ ಒತ್ತಿದ. ಏನೂ ಇಲ್ಲ. "ಹಂಗಲ್ಲೋ, ತೊಟ್ಟಿಲು ತೂಗಿದಂಗ ಎಡಕ್ಕ ಬಲಕ್ಕ" ಅಂದೆ. ಛಾವಣಿಯ ಅಂಚು ಹಿಡಿದು ತೂಗಿದ. ನನ್ನ ಬೆರಳಿನ ಕೆಳಗೆ ಟಕ್, ಟಕ್, ಟಕ್. ಗುಂಡಿನ ರಬ್ಬರ್ ಟೊಪ್ಪಿಗೆ ಹರಿದಿತ್ತು, ಒಳಗೆ ಗ್ರೀಸ್ ಬದಲು ಕೆಂಪು ಕೆಸರು.

"ಕಾಕಾ, ಸಿಕ್ತೇನ್ರಿ?" ಅಂದ. ಸಿಕ್ಕಿತ್ತು. ಆದರೂ ದುಡ್ಡು ಹಾಕುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ, 9,400 ರೂಪಾಯಿಯ ನೆನಪು ಹಸಿಯಾಗಿತ್ತು. ಎರಡೂ ಲಿಂಕ್ ಬಿಚ್ಚಿ ತೆಗೆದಿಟ್ಟು, ರಾಡಿನ ತುದಿಗಳು ಎಲ್ಲೂ ತಾಗದ ಹಾಗೆ ಕಟ್ಟಿ, ಸೊಸೈಟಿ ಒಳಗೇ ನಡಿಗೆಯ ವೇಗದಲ್ಲಿ ಗೇಟಿನವರೆಗೆ ಓಡಿಸಿದೆ. ಕಾರು ಸ್ವಲ್ಪ ಜಾಸ್ತಿ ವಾಲುತ್ತದೆ, ಹೊರ ರಸ್ತೆಗೆ ಹೀಗೆ ಹೋಗುವ ಹಾಗಿಲ್ಲ. ಹಂಪ್ ಮೇಲೆ ಹೋದೆ, ಬಂದೆ, ಮತ್ತೆ ಹೋದೆ. ಟಕ್ ಇಲ್ಲ. ವಾಚ್‌ಮನ್ ನನ್ನನ್ನೇ ನೋಡುತ್ತಿದ್ದ.

ಹಳೇ ಲಿಂಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನಾನಾ ಪೇಠಿಗೆ ಹೋದೆ. ಪುಣೆಯ ಬಿಡಿಭಾಗದ ಅಂಗಡಿಗಳೆಲ್ಲ ಅಲ್ಲೇ ಸಾಲಾಗಿವೆ. ಹಳೇ ಮಾಲು ಕೈಯಲ್ಲಿ ಇರಲಿ, ಒಂದೇ ಕಾರಿನ ಬೇರೆ ಬೇರೆ ವರ್ಷಕ್ಕೆ ಉದ್ದ ಬದಲಾಗಿರಬಹುದು. ಜೋಡಿಗೆ 1,100 ರೂಪಾಯಿ. ಒಂದೇ ಸಾಕು ಅನ್ನಿಸಿದರೂ ಎರಡೂ ಬದಲಿಸಿ, ಇನ್ನೊಂದಕ್ಕೂ ಅಷ್ಟೇ ವಯಸ್ಸು. ಬಿಚ್ಚುವ ಹಿಂದಿನ ಸಂಜೆಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಟ್ ತಿರುಗಿಸಿದರೆ ಒಳಗಿನ ಗುಂಡೂ ಜೊತೆಗೇ ತಿರುಗುತ್ತದೆ. ನಟ್ ಕೂರುವ ಕಡ್ಡಿಯ ತುದಿಯ ತೂತಿಗೆ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಕೊಟ್ಟು ಹಿಡಿದುಕೊಂಡು ಪಾನಾ ಹಾಕಿ. ಹೊಸದು ಕೂರಿಸುವಾಗಲೂ ಎರಡು ಚಕ್ರ ಒಂದೇ ಮಟ್ಟದಲ್ಲಿರಲಿ, ತೂತಿಗೆ ತೂತು ತಾನಾಗಿ ಸೇರುತ್ತದೆ. ಒಂದೇ ಕಡೆ ಎತ್ತಿ ಜಗ್ಗಾಡಿದರೆ ಬೆವರು ಮಾತ್ರ ಬರುತ್ತದೆ.

ಟಕ್ ಹೋಯಿತು. ಆದರೆ ನೇರ ಹಂಪಿನ ಮೇಲೆ ಒಂದು ಮೆತ್ತನೆಯ 'ದಡ್' ಉಳಿಯಿತು. ನನಗೆ ಸಿಟ್ಟು ಬಂತು. ಹೊಸ ಲಿಂಕನ್ನೇ ಮೂರು ಸಲ ಬಿಚ್ಚಿ ಹಾಕಿದೆ. ಭಾನುವಾರ ಹೋಯಿತು ಅಂದೆನಲ್ಲ, ಅದು ಇದೇ. ಸಂಜೆ ಚಹಾ ಕುಡಿಯುವಾಗ ಚೀಟಿ ನೋಡಿದೆ. ವರ್ಕ್‌ಶಾಪಿಗೆ ಹೋಗುವ ಮೊದಲು 'ದಡ್' ಕೇಳಿದ ನೆನಪೇ ಇರಲಿಲ್ಲ. ಅಂದರೆ ಅದು ಶಾಕಪ್ ಬದಲಿಸಿದ ಮೇಲೆ ಹುಟ್ಟಿದ್ದು. ಬಾನೆಟ್ ತೆಗೆದು ಎಡ ಟಾಪ್ ಮೌಂಟ್ ಮೇಲೆ ಅಂಗೈ ಇಟ್ಟೆ, ಹುಡುಗ ಒತ್ತಿದ. ಅಂಗೈಗೆ ದಡ್ ತಾಗಿತು. ನಡುವಿನ ನಟ್ ಪೂರ್ತಿ ಬಿಗಿಯಾಗಿರಲಿಲ್ಲ.

ಈ ನಟ್ ಬಗ್ಗೆ ಮಾತ್ರ ನಾನು ಗಂಭೀರವಾಗಿ ಹೇಳುತ್ತೇನೆ. ಅದನ್ನು ಬಿಚ್ಚಲು ಹೋಗಬೇಡಿ. ಅದರ ಕೆಳಗೆ ಒತ್ತಿ ಹಿಡಿದ ಸ್ಪ್ರಿಂಗ್ ಇದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಜೀವಕ್ಕೇ ಅಪಾಯ. ನಾನು ಕಾರನ್ನು ವಾಪಸ್ ಅದೇ ವರ್ಕ್‌ಶಾಪಿಗೆ ಒಯ್ದೆ, ಈ ಸಲ ಚೀಟಿ ಸಮೇತ. "ನೇರ ಹಂಪ್, ಎರಡೂ ಚಕ್ರ, ಎಡ ಮೌಂಟ್, ಕೈಗೆ ತಾಗುತ್ತದೆ" ಅಂತ ತೋರಿಸಿದೆ. ಹತ್ತು ನಿಮಿಷದ ಕೆಲಸ. ದುಡ್ಡು ತೆಗೆದುಕೊಳ್ಳಲಿಲ್ಲ.

ಲೋವರ್ ಆರ್ಮ್ ಬುಷ್ ಹಾಕಿಸುವವರಿಗೆ ಒಂದು ಮಾತು. ಅದರ ಬೋಲ್ಟುಗಳ ಕೊನೆಯ ಬಿಗಿ ಚಕ್ರ ನೆಲದ ಮೇಲೆ ನಿಂತ ಮೇಲೆ, ಕಾರಿನ ಭಾರ ಬಿದ್ದ ಮೇಲೆ ಆಗಬೇಕು. ಜೋತಾಡುವ ಚಕ್ರದಲ್ಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎದುರಿಗೆ ನಿಂತು ಹೇಳಿ ಮಾಡಿಸಿ. ಆರ್ಮ್, ಶಾಕಪ್, ಟೈ ರಾಡ್ ಯಾವುದನ್ನು ಮುಟ್ಟಿದರೂ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನದ ಹೊಂದಾಣಿಕೆ, ಮಾಡಿಸಿ. ಬರೀ ಲಿಂಕ್ ರಾಡಿಗೆ ಅದು ಬೇಡ, ಯಾರಾದರೂ ಬೇಕು ಅಂದರೆ ಯಾಕೆ ಅಂತ ಕೇಳಿ.

ಹೊಸ ಲಿಂಕ್ ಹಾಕಿ 100 ಕಿ.ಮೀ. ಆದ ಮೇಲೆ ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡುವುದು ನನ್ನ ಅಭ್ಯಾಸ. ಈ ಸಲ ಆ 100 ಕಿ.ಮೀ. ಮುಗಿದದ್ದು ಸಾತಾರಾದ ಹತ್ತಿರ, ಬೆಳಗಾವಿ ದಾರಿಯಲ್ಲಿ. ಢಾಬಾ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗ್ ತಿರುಗಿಸಿ, ಚಕ್ರದ ಹಿಂದೆ ಕೈ ಹಾಕಿದೆ. ಎಡದ್ದು ಕದಲಲಿಲ್ಲ. ಬಲದ್ದು ಕಾಲು ಸುತ್ತು ಬಿಗಿಯಾಯಿತು.